ತುಯೆತ್ ಲಾಮ್‌ಳನ್ನು ಕರೆಯುವ ಬಗೆ

ಮೂರು ಗಂಟೆಗೇ ಕಾರು ಕೆಳಗೆ ಬಂದು ನಿಂತಿತ್ತು. ಮೂರೂಕಾಲಾದರೂ ತುಯೆತ್ ಲಾಮ್ ಕನ್ನಡಿ ಬಿಟ್ಟು ಎದ್ದಿರಲಿಲ್ಲ. ಎಡಗಡೆಯ ಹುಬ್ಬು ಬರೆದು ಅಳಿಸಿದ್ದು ಇದು ನಾಲ್ಕನೇ ಸಲ. ಚಪ್ಪಲಿ ಹಿಡಿದು ಹಿಂದೆ ನಿಂತ ಹಾಜಿರಾಗೆ ಕಾಲು ಸೋತಿತ್ತು.

ಎಪ್ಪತ್ತೊಂಬತ್ತರ ಈ ಮುದುಕಿ ಒಂದು ಕಾಲಕ್ಕೆ ವಿಯೆಟ್ನಾಮಿನ ಸಂಗೀತ ನಾಟಕಗಳ ರಾಣಿ, ಸಿನಿಮಾದಲ್ಲೂ ಹೆಸರು ಮಾಡಿದವಳು. ಈಗ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳನ್ನು ನೋಡಿಕೊಳ್ಳಲು ಧಾರವಾಡದ ಹಾಜಿರಾಳನ್ನು ಇಟ್ಟುಕೊಂಡವಳು ಮಂಗಳೂರಿನ ಸೊಸೆ ಮೆರಿಲ್. ಇವತ್ತು ನಾಲ್ಕಕ್ಕೆ ಬ್ರಿಕ್‌ಫೀಲ್ಡ್ಸ್‌ನ ಹಾಲೊಂದರಲ್ಲಿ ಮುದುಕಿಗೆ ಸನ್ಮಾನ. ಹೋದ ಸಲ ಇಂಥದೇ ಸಮಾರಂಭಕ್ಕೆ ಇವರು ತಲುಪಿದಾಗ ಕುರ್ಚಿ ಮಡಚುತ್ತಿದ್ದರು.

ಮೆರಿಲ್ ಮುಂಚೆಯೇ ಹಾಲ್‌ಗೆ ಹೊರಡುತ್ತ ಹೇಳಿದ್ದಳು: "ನೋಡು ಹಾಜಿರಾ, ಇವತ್ತೂ ಲೇಟ್ ಆದ್ರೆ ನಾನು ಬೇರೆಯವ್ರನ್ನ ನೋಡ್ಬೇಕಾಗ್ತದೆ. ಬೇಜಾರು ಮಾಡ್ಕೋಬೇಡ."

ಬೇಜಾರು ಎಂದೋ ಆಗಿಹೋಗಿತ್ತು. ಬಟ್ಟೆ ಉಡಿಸುವಾಗಲೆಲ್ಲ ಮುದುಕಿಯ ಕಥೆ. ಒಂಬತ್ತಕ್ಕೆ ನಾಟಕ ಕಂಪನಿ ಸೇರಿ ರಾಣಿಗೆ ಬೀಸಣಿಗೆ ಬೀಸಿದ್ದು, ಹದಿನಾರಕ್ಕೆ ತಾನೇ ರಾಣಿಯಾದದ್ದು. ಅಲ್ಲಿಯವರೆಗೆ ಸರಿ. ಆಮೇಲೆ ಗಂಡ ಒಂದು ದಿನ ಯುದ್ಧದಲ್ಲಿ ಸಾಯುತ್ತಿದ್ದ, ಇನ್ನೊಂದು ದಿನ ಹೊಳೆಯಲ್ಲಿ. ಯಾವುದು ನಿಜ, ಯಾವುದು ಸಿನಿಮಾ ಎಂದು ಕೇಳಿದರೆ, "ಬೋತ್ ಐ ಕ್ರೈ, ಲಾ," ಎನ್ನುತ್ತಿದ್ದಳು.

ಇದಕ್ಕಿಂತ ದೊಡ್ಡ ತಲೆನೋವು ಅವಳನ್ನು ಕರೆಯುವುದು. ನಾವು ಅಜ್ಜಿ, ಅಮ್ಮಾವ್ರು ಎನ್ನುವ ಕಡೆ ವಿಯೆಟ್ನಾಮಿನವರು 'ಬಾ' ಎನ್ನುತ್ತಾರಂತೆ. ಹಿರಿಯರಿಗೆ 'ಬರ್ರಿ' ಎಂದೇ ಬೆಳೆದ ಹಾಜಿರಾಗೆ ಆ ಮಾತು ಬಾಯಿಗೆ ಬರಲು ವಾರ ಹಿಡಿದಿತ್ತು. ನಾಚಿಕೆ ಬಿಟ್ಟು ಅಂದರೆ ಅದೂ ತಪ್ಪು: ಅವರ ಭಾಷೆಯಲ್ಲಿ ದನಿ ಬದಲಾದರೆ ಅರ್ಥವೇ ಬದಲು, ಏರಿಳಿತವಿಲ್ಲದೆ ಸಪಾಟಾಗಿ 'ಬಾ' ಎಂದರೆ ಮೂರು.

"ಬಾ, ಕಾರ್ ವೇಟಿಂಗ್."

ಎಡ ಹುಬ್ಬಿನ ತುದಿ ಮುಟ್ಟಿದ ಮುದುಕಿಯ ಪೆನ್ಸಿಲ್ ನಿಂತಿತು. "ಫ್ಲಾಟ್ ಈಸ್ ತ್ರೀ. ಐ ಆಮ್ ತ್ರೀ, ಆ?" ಕೈಯನ್ನು ಮೆಟ್ಟಿಲಿಳಿದ ಹಾಗೆ ಇಳಿಸಿ ತೋರಿಸಿದಳು. "ಗೋ ಡೌನ್. ಸೇ."

"ಬಾ?"

"ನೌ ಯು ಆಸ್ಕ್ ಮಿ."

ಸರಿಯಾಗಿ ಕರೆಯುವ ತನಕ ಏಳುವುದಿಲ್ಲವೆಂದು ಕೈಕಟ್ಟಿ ಕೂತಳು. ಹಾಜಿರಾಳ ಫೋನು ಗುಂಯ್‌ಗುಟ್ಟಿತು. 'ಹೊರಟ್ರಾ?' ಎಂದು ಮೆರಿಲ್ ಕೇಳಿದ್ದಳು. ಮೂರೂ ಇಪ್ಪತ್ತೈದು.

ಹಾಜಿರಾ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಸಿದಳು. ಕೆಲಸ ಹೋಯಿತು. ಊರಲ್ಲಿ ಸಂಜೆ ಮನೆಗೆ ಬಾರದ ಆಡನ್ನು ಇಪ್ಪತ್ತು ಸಲ ಕೂಗಿ ಸುಸ್ತಾದ ಅಮ್ಮ, ಕೊನೆಯ ಸಲ ಕರೆಯುತ್ತಿದ್ದ ದನಿಯಲ್ಲಿ ಹಾಜಿರಾಳ ಬಾಯಿಂದ ತಾನಾಗಿ ಬಂತು: "ಬಾ..."

ದನಿ ಜಾರಿ ಜಾರಿ ಕೆಳಗೆ ಬಿತ್ತು.

ಮುದುಕಿ ಎದ್ದು ನಿಂತಳು. "ಹಾಂ. ದಟ್ ಈಸ್ ಮಿ," ಎಂದು ಚಪ್ಪಲಿಗೆ ಕಾಲು ಒಡ್ಡಿದಳು.

ಕಾರು ಹೈವೇ ಹತ್ತಿದಾಗ ಮೆರಿಲ್‌ಳ ಫೋನು ಬಂತು.

"ಹೊಂಟೇವ್ರಿ ಅಕ್ಕಾ."

"ಅತ್ತೆ ರೆಡಿ ಆಗಿದ್ದಾರಲ್ಲ?"

ಹಾಜಿರಾ ಪಕ್ಕಕ್ಕೆ ತಿರುಗಿ ನೋಡಿದಳು.

"ಆಗ್ಯಾರ್ರಿ. ಬಲಗಡಿ ಹುಬ್ಬೊಂದು ಬಾಕಿ."