ಆರಾಧನೆ ಆಗಿಹೋದವಳು

ಆಂಬುಲೆನ್ಸಿನ ಬಾಗಿಲು ತೆಗೆಯಲು ಪರಮಶಿವಯ್ಯ ಬಿಡಲಿಲ್ಲ. ಗುಬ್ಬಿ ದಾಟಿ ಬಂದ ಗಾಡಿಯನ್ನು ಕಡಬದ ಕೆರೆ ಏರಿಯ ಮೇಲೇ ತಡೆದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಊರೊಳಕ್ಕೆ ಬೇಡಿ ಮೇಡಂ. ನಿಮ್ ಕಾಲಿಗ್ ಬೀಳ್ತೀನಿ."

"ಒಳಗಿರೋದು ನಿಮ್ ಅಕ್ಕ ಕಣ್ರೀ," ಎಂದಳು ಅನುಪಮಾ. ತುಮಕೂರಿನ ಕಡೆ ಮಾನಸಿಕ ಆಸ್ಪತ್ರೆಯೊಂದರಲ್ಲಿ ಇರುವವರ ಪರ ವಾದಿಸಲು ಸರ್ಕಾರ ಕೊಟ್ಟ ಉಚಿತ ಕಾನೂನು ನೆರವಿನ ವಕೀಲೆ ಅವಳು. ಹೆಣ ಸಾಗಿಸುವುದು ಅವಳ ಕೆಲಸವಲ್ಲ. ಆದರೆ ಈಗ ಗಾಡಿಯೊಳಗೆ ಹೆಣವಾಗಿರುವ ಕರಿಬಸಮ್ಮನಿಗೆ, ಅವಳ ಅವ್ವನ ಪಕ್ಕದಲ್ಲೇ ಮಣ್ಣು ಮಾಡಿಸುತ್ತೇನೆಂದು ಮಾತು ಕೊಟ್ಟಿದ್ದಳು.

ಪರಮಶಿವಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಅಕ್ಕ ಆಸ್ಪತ್ರೇಲೇ ತೀರ್ಕೊಂಡ್ಳು, ಅಲ್ಲೇ ಮಣ್ಣು ಮಾಡುದ್ರು ಅಂತ ಊರಿಗೆಲ್ಲ ಹೇಳಿ ವರ್ಷಗಳಾಯ್ತು. ಸತ್ತೋರಿಗೆ ಮಾಡೋ ಶಿವಗಣಾರಾಧನೆನೂ ಮಾಡ್ಬಿಟ್ಟಿದೀನಿ. ಇಡೀ ಊರೇ ಉಂಡೈತೆ."

ಅನುಪಮಾ ಒಂದು ಹೆಜ್ಜೆ ಮುಂದೆ ಬಂದಳು. "ಬದುಕಿದ್ದೋರಿಗೆ ಆರಾಧನೆನಾ?"

"ಮಗಳ ಮದ್ವೆ ಮೇಡಂ. ಕುಣಿಗಲ್ ಕಡೆ ಸಂಬಂಧ. ಮನೇಲಿ ಯಾರಿಗಾದ್ರೂ ತಲೆ ಕೆಟ್ಟೈತಾ ಅಂತ ವಿಚಾರಿಸ್ತಿದ್ರು. ನಾನೇನ್ ಮಾಡ್ಲಿ?"

*

ಬಿಡುಗಡೆಯ ಆದೇಶ ಬಂದ ದಿನ ಕರಿಬಸಮ್ಮ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಬಟ್ಟೆ ಗಂಟು ಕಟ್ಟಿಕೊಂಡು ಗೇಟಿನ ಬಳಿ ಕೂತಿದ್ದಳು. ಹೆತ್ತ ಕೂಸು ಸತ್ತಾಗ ಕೆಟ್ಟ ತಲೆ ಔಷಧಿಗೆ ಎಂದೋ ಸರಿಹೋಗಿತ್ತು. ಕರೆದೊಯ್ಯಲು ಯಾರೂ ಬರಲಿಲ್ಲವೆಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸಿಕೊಂಡು ಕಾಲ ಹಾಕಿದ್ದಳು. ಅನುಪಮಾ ಅರ್ಜಿ ಹಾಕಿ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂದೆ ವಾದಿಸಿ ಗೆದ್ದಿದ್ದಳು. ಗೆದ್ದು ಏನು ಬಂತು! ಫೋನಿನಲ್ಲಿ "ಬತ್ತೀನಿ" ಎಂದ ತಮ್ಮ ಬರಲೇ ಇಲ್ಲ.

"ಬಸ್ ಸಿಕ್ಕಿರಕ್ಕಿಲ್ಲ ಬುಡವ್ವ," ಎಂದಿದ್ದಳು ಕರಿಬಸಮ್ಮ. ಆಗಲೂ ತಮ್ಮನನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ಗಂಟು ಎತ್ತಿಕೊಂಡು ಒಳಗೆ ಹೋಗುವಾಗ ಮಾತ್ರ ತಿರುಗಿ ಹೇಳಿದ್ದಳು. "ಸತ್ತಾಗಾದ್ರೂ ತ್ವಾಟದಾಗೆ ನಮ್ಮವ್ವನ ಪಕ್ಕ ಮಡಗ್ಸು."

*

ಕೊನೆಗೆ ಪರಮಶಿವಯ್ಯನೇ ದಾರಿ ಹುಡುಕಿದ. "ಯಾರೋ ಅನಾಥೆ, ಪುಣ್ಯಕ್ಕೆ ಜಾಗ ಕೊಟ್ಟೆ ಅಂತ ಹೇಳ್ತೀನಿ. ಅವ್ವನ ಪಕ್ಕಾನೇ ಗುಣಿ ತೆಗೆಸ್ತೀನಿ. ನೀವು ಮಾತ್ರ ಬಾಯಿ ಬಿಡಬಾರ್ದು."

ಬಾಯಿ ಬಿಟ್ಟರೆ ಗುಣಿಯಿಲ್ಲ. ಮಾತನ್ನೇ ನಂಬಿ ಬದುಕುವ ವಕೀಲೆ ಬಾಯಿ ಮುಚ್ಚಿಕೊಂಡಳು. ತನ್ನ ಮೇಲೇ ಹೇಸಿಗೆಯಾಯಿತು.

ತೋಟದಲ್ಲಿ ಜನ ಸೇರಿದರು. ಲಿಂಗಾಯತರ ಪದ್ಧತಿಯಂತೆ ಹೆಣವನ್ನು ಗುಣಿಯಲ್ಲಿ ಕೂರಿಸಿ, ಮುಖಕ್ಕೆ ವಿಭೂತಿ ಬಳಿದರು. ಗುರುತು ಸಿಗದಷ್ಟು ದಪ್ಪ ಬಳಿದವನು ಪರಮಶಿವಯ್ಯನೇ.

"ಯಾರೋ ಏನೋ, ಸ್ವಂತ ತೋಟದಲ್ಲೇ ಜಾಗ ಕೊಟ್ಟವ್ನೆ. ದೊಡ್ಡ ಮನಸ್ಸು ಕಣಪ್ಪ," ಎಂದರು ನೆರೆಯ ಸೋಮಶೇಖರ್.

"ಎಲ್ಲಾ ಶಿವನ ದಯೆ," ಎಂದು ಪರಮಶಿವಯ್ಯ ಕೈಮುಗಿದ. ಎಷ್ಟು ಚೆನ್ನಾಗಿ ಮುಗಿದ ಪುಣ್ಯಾತ್ಮ!

ಕರಿಬಸಮ್ಮನ ಜೊತೆ ಆಡಿ ಬೆಳೆದ ರಂಗಮ್ಮ ಪತ್ರೆ ಹಾಕಲು ಬಂದಳು. ಗುಣಿಯ ಅಂಚಿನಲ್ಲಿ ಕೂತು ಬಗ್ಗಿ ನೋಡಿದಳು. ವಿಭೂತಿಯ ಅಡಿಯ ಮೂಗು, ಗಲ್ಲವನ್ನು ನೋಡುತ್ತಲೇ ಇದ್ದಳು.

"ಕರಿಬಸೀ... ನೀನೇನೇ? ನಿನ್ ಆರಾಧನೆ ಊಟ ಉಂಡಿದೀನಲ್ಲೇ ನಾನು!"

ಎಲ್ಲರೂ ಪರಮಶಿವಯ್ಯನ ಕಡೆ ತಿರುಗಿದರು.

"ಹೌದು, ಅವರೇ," ಎಂದಳು ಅನುಪಮಾ.

ಪೂಜೆ ಮಾಡಿಸುತ್ತಿದ್ದ ಅಯ್ಯನವರ ಮಂತ್ರ ಇನ್ನೂ ಮುಗಿದಿರಲಿಲ್ಲ. ಪರಮಶಿವಯ್ಯ ಆಳಿನ ಕೈಯಿಂದ ಗುದ್ದಲಿ ಕಿತ್ತುಕೊಂಡು ಮಣ್ಣು ಎಳೆಯತೊಡಗಿದ, ಮೊದಲು ಅಕ್ಕನ ಮುಖದ ಮೇಲೆ.