ಹುಳದಕ್ಕನ ಹೊಳೆ

ನೆಲದ ಮೇಲೆ ಅವರು ಕುಂಟುತ್ತಿದ್ದರು, ನೀರಿಗಿಳಿದರೆ ಕುಂಟುತ್ತಿರಲಿಲ್ಲ. ಅವರ ಎಡಗಾಲು ಬಲಗಾಲಿಗಿಂತ ಎರಡು ಬೆರಳಷ್ಟು ಗಿಡ್ಡ. ಕಚೇರಿಯ ನುಣ್ಣನೆಯ ನೆಲದ ಮೇಲೆ ಅವರು ನಡೆದು ಬರುವಾಗ ಒಂದು ಹೆಜ್ಜೆ ಗಟ್ಟಿಯಾಗಿಯೂ ಮರುಹೆಜ್ಜೆ ಮೆತ್ತಗೂ ಕೇಳಿಸುತ್ತಿತ್ತು. ಪಡಸಾಲೆಯ ಆ ತುದಿಯಲ್ಲಿ ಆ ಸದ್ದು ಹುಟ್ಟಿದರೆ ಸಾಕು, ಈ ತುದಿಯ ಗುಮಾಸ್ತರು ಮೇಜಿನ ಮೇಲಿನ ತಿಂಡಿಯ ಡಬ್ಬಿಗಳನ್ನು ಅವಸರದಿಂದ ಮುಚ್ಚುತ್ತಿದ್ದರು; ಏಕೆಂದರೆ ಬರುತ್ತಿದ್ದವರ ಕೈಯಲ್ಲಿ ಸಾಮಾನ್ಯವಾಗಿ ಜೀವವಿರುವ ಏನಾದರೂ ಒಂದು ಹರಿದಾಡುತ್ತಿರುತ್ತಿತ್ತು. ಆದರೆ ಹೊಳೆಯೊಳಗೆ, ಪಾಚಿ ಕಟ್ಟಿದ ಕಲ್ಲುಗಳ ಮೇಲೆ, ನಾವೆಲ್ಲ ಎರಡು ಕೈ ಚಾಚಿ ಗಾಳಿಯನ್ನೇ ಆಸರೆ ಮಾಡಿಕೊಳ್ಳಲು ನೋಡುವ ಸೆಳವಿನಲ್ಲಿ, ಅವರು ತಮ್ಮ ಮನೆಯ ನಡುಕೋಣೆಯಲ್ಲಿ ಓಡಾಡುವಷ್ಟು ನಿರಾಯಾಸವಾಗಿ ಓಡಾಡುತ್ತಿದ್ದರು. ಒಮ್ಮೆ ನಾನು ಈ ಸೋಜಿಗವನ್ನು ಬಾಯಿಬಿಟ್ಟು ಕೇಳಿಯೇಬಿಟ್ಟೆ. “ಹೊಳೇಲಿ ನೆಲ ಯಾರಿಗೂ ಸಮ ಇಲ್ಲ. ಅಲ್ಲಿ ಎಲ್ರೂ ಕುಂಟ್ರೇ. ನಂಗೆ ಅಭ್ಯಾಸ ಜಾಸ್ತಿ, ಅಷ್ಟೆ” ಎಂದರು.

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು, ಅದನ್ನು ಕರೆದವರಿರಲಿಲ್ಲ. ನದಿ-ತೊರೆಗಳ ಆರೋಗ್ಯ ನೋಡುವ ನಮ್ಮ ಸಣ್ಣ ಕಚೇರಿಯಲ್ಲಿ ಅವರು ಎಲ್ಲರಿಗೂ ಹುಳದಕ್ಕ. ಗೇಲಿಗೆ ಹುಟ್ಟಿದ ಹೆಸರು ಅದು. ಬರಬರುತ್ತಾ ಗೇಲಿಯ ಅಂಶ ಉದುರಿಹೋಗಿ ಗೌರವ ಮಾತ್ರ ಉಳಿದುಕೊಂಡಿತ್ತು. ಮೇಲಧಿಕಾರಿಗಳೇ ಒಂದು ಸಲ ಸರ್ಕಾರಿ ಪತ್ರದಲ್ಲಿ ‘ಶ್ರೀಮತಿ ಹುಳದಕ್ಕನವರಿಗೆ’ ಎಂದು ಬರೆಸಿ, ಸಹಿಯನ್ನೂ ಹಾಕಿ ಕಳಿಸಿದ್ದರು. ಅವರು ಆ ಪತ್ರಕ್ಕೆ ಚೌಕಟ್ಟು ಹಾಕಿಸಲಿಲ್ಲ, ಬೇಸರವನ್ನೂ ಪಡಲಿಲ್ಲ. ಹಿಂಬದಿಯ ಖಾಲಿ ಜಾಗದಲ್ಲಿ ಆ ದಿನ ಕಂಡ ಹುಳಗಳ ಲೆಕ್ಕ ಬರೆದುಕೊಂಡರು.

ಅವರ ಮೇಲಂಗಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ದಪ್ಪ ಕ್ಯಾನ್ವಾಸಿನ, ಮೊಣಕಾಲು ಮುಟ್ಟುವ, ಮೂಲತಃ ಯಾವ ಬಣ್ಣದ್ದೆಂದು ಹೇಳಲಾಗದ ಆ ಅಂಗಿಗೆ ಹನ್ನೊಂದು ಜೇಬುಗಳಿದ್ದವು. ಅವುಗಳಲ್ಲಿ ಚಿಮಟ, ಕುಂಚ, ಮದ್ಯಸಾರ ತುಂಬಿದ ಬೆರಳುದ್ದದ ಸೀಸೆಗಳು, ಪೆನ್ಸಿಲು, ಮತ್ತು ಅಂಚಿನಲ್ಲಿ ನೀಲಿ ಬಣ್ಣ ಚಕ್ಕೆ ಎದ್ದ ಒಂದು ಬಿಳಿಯ ಪಿಂಗಾಣಿ ತಟ್ಟೆ. ತಟ್ಟೆ ಅವರ ಅತ್ತೆಯ ಅಡುಗೆಮನೆಯಿಂದ ಬಂದದ್ದು. ಆ ಮುದುಕಿ ಅದನ್ನು ಆರು ತಿಂಗಳು ಹುಡುಕಿ, ಕೊನೆಗೆ ಸೊಸೆಯ ಕೈಯಲ್ಲಿ ಅದರೊಳಗೆ ಈಜುತ್ತಿದ್ದ ಪ್ರಾಣಿಗಳನ್ನು ಕಂಡು, ಅದು ತನ್ನದಲ್ಲವೆಂದು ಸಾಧಿಸಿದರಂತೆ. ಗಂಡ ಗಡಿಯಾರ ರಿಪೇರಿ ಮಾಡುವವರು. ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಭೂತಗನ್ನಡಿ ಅವರೇ ಕೊಟ್ಟದ್ದು. “ಮನೇಲಿ ಇಬ್ರೂ ಒಂದೊಂದು ಕಣ್ಣು ಮುಚ್ಕೊಂಡೇ ಬದುಕ್ತೀವಿ. ಅದಕ್ಕೇ ನಮ್ಮಲ್ಲಿ ಜಗಳ ಕಮ್ಮಿ” ಎನ್ನುವುದು ಆ ಸಾಧು ಮನುಷ್ಯನ ಮಾತು.

ನಾನು ಆ ಕಚೇರಿಗೆ ಸೇರಿದ್ದು ರಸಾಯನಶಾಸ್ತ್ರದವನಾಗಿ. ಪ್ರತಿ ಸೋಮವಾರ ಬೆಳಗ್ಗೆ ಹೊಳೆಯ ಏಳು ಜಾಗಗಳಿಂದ ಬಾಟ್ಲಿಗಳಲ್ಲಿ ನೀರು ಬರುತ್ತಿತ್ತು. ಅದರಲ್ಲಿ ಏನು ಕರಗಿದೆ, ಎಷ್ಟು ಕರಗಿದೆ ಎಂದು ನಾನು ಅಳೆಯುತ್ತಿದ್ದೆ. ಹುಳದಕ್ಕ ನನ್ನನ್ನು ‘ಬಾಟ್ಲಿಯವರೇ’ ಎಂದು ಕರೆಯುತ್ತಿದ್ದರು. ನನ್ನ ಅಂಕಿಗಳು ದಶಮಾಂಶದ ಮೂರನೆಯ ಸ್ಥಾನದವರೆಗೆ ಹೋಗುತ್ತಿದ್ದವು. ಅವರ ವರದಿಯಲ್ಲಾದರೋ ‘ಮೂರು ಬಾಲದವು ಹದಿನಾಲ್ಕು, ಮರಳುಗೂಡಿನವು ಒಂಬತ್ತು’ ಎಂಬಂತಹ ಸಾಲುಗಳು. ಇದೂ ಒಂದು ವಿಜ್ಞಾನವೇ ಎಂದು ನಾನು ಮನಸ್ಸಿನಲ್ಲೇ ನಕ್ಕದ್ದುಂಟು. ಆ ನಗೆಯನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಅವರ ವಿದ್ಯೆ ಹೇಳುವುದಕ್ಕೆ ಸರಳ. ಹೊಳೆಯ ತಳದ ಕಲ್ಲುಗಳ ಕೆಳಗೆ ನೂರಾರು ಬಗೆಯ ಪುಟ್ಟ ಜೀವಿಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಬದುಕುತ್ತವೆ. ಕಲ್ಲುನೊಣದ ಮರಿಯಂಥ ಸುಕುಮಾರ ಜೀವ ನಿರ್ಮಲವಾದ, ತಣ್ಣಗಿನ, ಉಸಿರು ತುಂಬಿದ ನೀರಿನಲ್ಲಿ ಮಾತ್ರ ಬಾಳುತ್ತದೆ. ಕೆಂಪು ಹುಳವಾದರೆ ಗಟಾರದಲ್ಲೂ ಸಂಸಾರ ಹೂಡುತ್ತದೆ. ಯಾರು ಇದ್ದಾರೆ, ಯಾರು ಮನೆ ಬಿಟ್ಟು ಹೋಗಿದ್ದಾರೆ ಎಂದು ನೋಡಿದರೆ ಹೊಳೆಗೆ ಏನಾಗಿದೆಯೆಂದು ತಿಳಿಯುತ್ತದೆ. ಹೇಳುವುದಕ್ಕೆ ಇಷ್ಟೇ, ಮಾಡುವುದಕ್ಕೆ ಬೇಕಾದದ್ದು ಮೂವತ್ತು ವರ್ಷದ ತಣ್ಣೀರು, ಬೆಂಡಾದ ಬೆರಳುಗಳು, ಮತ್ತು ಒಂದು ಬಗೆಯ ಸೌಜನ್ಯ. ಸೌಜನ್ಯವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮಗುಚಿದ ಪ್ರತಿ ಕಲ್ಲನ್ನೂ ಅವರು ಮೊದಲಿದ್ದ ಗುಳಿಯಲ್ಲೇ, ಮೊದಲಿದ್ದ ಮಗ್ಗುಲಲ್ಲೇ ಮರಳಿ ಇಡುತ್ತಿದ್ದರು. ಸಂಜೆಯಾಗಲಿ, ಮಳೆ ಬರಲಿ, ವ್ಯಾನಿನ ಚಾಲಕ ದಂಡೆಯ ಮೇಲಿಂದ ಹಾರನ್ನು ಬಾರಿಸಲಿ, ಈ ನಿಯಮಕ್ಕೆ ರಿಯಾಯಿತಿ ಇರಲಿಲ್ಲ. “ಒಬ್ಬರ ಮನೆ ಸೂರು ತೆಗೆದು ಒಳಗೆ ಇಣುಕಿದ್ದೀವಿ. ಮುಚ್ಚಿ ಬರೋದು ಬೇಡ್ವಾ?” ಎಂದು ಚಾಲಕನನ್ನೇ ಕೇಳಿದ್ದರು, ಅಂದಿನಿಂದ ಅವನು ಹಾರನ್ನು ಮುಟ್ಟಲಿಲ್ಲ.

ನನ್ನ ಗರ್ವ ಮುರಿದದ್ದು ಒಬ್ಬ ಮೀನುಗಾರನ ದೂರಿನಿಂದ. ಊರಿನ ಕೆಳಗಿನ ಸೇತುವೆಯ ಬಳಿ ಬಲೆ ಹಾಕುತ್ತಿದ್ದ ಆತ ಎರಡು ವರ್ಷದಿಂದ ಮೀನೇ ಇಲ್ಲವೆಂದು ಮೂರು ಸಲ ಕಚೇರಿಗೆ ಬಂದ. ಮೂರು ಸಲವೂ ನಾನು ಅಂಕಿಗಳನ್ನು ತೋರಿಸಿ, ನೀರು ಅಚ್ಚುಕಟ್ಟಾಗಿದೆ ಎಂದು ಸಮಾಧಾನ ಹೇಳಿ ಕಳಿಸಿದೆ. ಮೂರನೆಯ ಸಲ ಆತ ಮೆಟ್ಟಿಲಿಳಿಯುವಾಗ ಹುಳದಕ್ಕ ಎದುರಾದರು. ಇಬ್ಬರೂ ಅಲ್ಲೇ ನಿಂತು ಏನೋ ಮಾತಾಡಿಕೊಂಡರು. ಮಾರನೆಯ ದಿನ ಸೇತುವೆಯ ಕೆಳಗೆ ಅವರು ನಲವತ್ತು ಕಲ್ಲು ಮಗುಚಿದರು. ನಾನೂ ಜೊತೆಗಿದ್ದೆ. ನೀರು ಗಾಜಿನಂತಿತ್ತು, ವಾಸನೆಯಿಲ್ಲ, ನೊರೆಯಿಲ್ಲ, ತಳದ ಒಂದೊಂದು ಹರಳೂ ಎಣಿಸುವಷ್ಟು ಸ್ಪಷ್ಟ. ಬಿಳಿ ತಟ್ಟೆಯಲ್ಲಿ ಕೊನೆಗೆ ಉಳಿದದ್ದು ಬರೀ ನೀರು. ಕೆಂಪು ಹುಳವೂ ಇರಲಿಲ್ಲ.

“ಕೊಳಕಾಗಿದ್ರೆ ಕೊಳಕಿನವರಾದ್ರೂ ಇರ್ತಿದ್ರು” ಎಂದರು ಹುಳದಕ್ಕ. “ಇಲ್ಲಿ ಯಾರೂ ಇಲ್ಲ. ಯಾರೋ ಬಂದು ತೊಳೆದು ಹೋಗ್ತಾ ಇದಾರೆ, ಬಾಟ್ಲಿಯವರೇ. ನಿಮ್ಮ ಬಾಟ್ಲಿ ತುಂಬೋ ದಿನ ಅವರು ಬರಲ್ಲ.”

ಅದಾದ ಮೇಲೆ ಅವರು ಹನ್ನೆರಡು ದಿನ, ಬೆಳಗಿನಿಂದ ಸಂಜೆಯವರೆಗೆ, ಆ ಹೊಳೆಯ ದಂಡೆಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತರು. ಮೇಲಿನ ತೊರೆಯಿಂದ ತಂದ ಹುಳಗಳನ್ನು ಬಲೆಯ ಚೀಲಗಳಲ್ಲಿ ಕಟ್ಟಿ, ನೀರಿನಲ್ಲಿ ಸಾಲಾಗಿ ಇಳಿಬಿಟ್ಟು, ಗಂಟೆಗೊಮ್ಮೆ ಎತ್ತಿ ನೋಡಿ ಬರೆದುಕೊಳ್ಳುತ್ತಿದ್ದರು. ದಾರಿಹೋಕರು ಮೀನು ಸಿಕ್ಕಿತೇ ಎಂದು ಕೇಳಿದರೆ “ಇನ್ನೂ ಇಲ್ಲ” ಎನ್ನುತ್ತಿದ್ದರು. ಮಂಗಳವಾರ ಮತ್ತು ಶುಕ್ರವಾರ, ಹನ್ನೊಂದು ಗಂಟೆಯ ಮೇಲೆ, ಎಲ್ಲ ಚೀಲಗಳಲ್ಲೂ ಸಾವು. ಉಳಿದ ದಿನ ಹೊಸದಾಗಿ ತಂದು ಇಳಿಬಿಟ್ಟವೆಲ್ಲ ಕ್ಷೇಮ. ಎರಡನೆಯ ಶುಕ್ರವಾರ ನನಗೆ ಫೋನು ಬಂತು. ನಾನು ಓಡಿಹೋಗಿ, ಅವರು ತೋರಿದ ಕಡೆ ಸೀಸೆಯಲ್ಲಿ ನೀರು ತುಂಬಿ, ಕ್ಲೋರಿನ್ ಇದ್ದರೆ ಗುಲಾಬಿಗೆ ತಿರುಗುವ ಪುಡಿಯನ್ನು ಉದುರಿಸಿದೆ. ನೀರು ಕಡುಗುಲಾಬಿಯಾಯಿತು. ಮೂರು ಗಂಟೆಯ ಬಳಿಕ ಮತ್ತೆ ತುಂಬಿದ ಸೀಸೆಯಲ್ಲಿ ಬಣ್ಣವೇ ಇಲ್ಲ. ಬಿಸಿಲಿಗೂ ಗಾಳಿಗೂ ಕ್ಲೋರಿನ್ ಹಾರಿಹೋಗಿತ್ತು. ನಾನು ವರ್ಷಗಟ್ಟಲೆ ಸೋಮವಾರದ ನೀರಿಗೆ ಪ್ರಮಾಣಪತ್ರ ಕೊಡುತ್ತಾ ಬಂದಿದ್ದೆ.

ದಂಡೆಯ ಜೊಂಡಿನ ನಡುವೆ ಒಂದು ಹಳೆಯ ಸಿಮೆಂಟಿನ ಕೊಳವೆ ಇತ್ತು. ಅದನ್ನು ಹಿಡಿದು ಮೇಲೆ ನಡೆದರೆ ಒಂದು ಬೇಲಿ, ಬೇಲಿಯಾಚೆ ಹಸಿರು ಬಣ್ಣ ಬಳಿದ ಗೇಟು. ಗೇಟಿನ ಮುಂದೆ ಹುಳದಕ್ಕ ನಿಂತುಬಿಟ್ಟರು. ಊರಿಗೆಲ್ಲ ಕುಡಿಯುವ ನೀರನ್ನು ಶುದ್ಧಮಾಡಿ ಕೊಡುವ ಸ್ಥಾವರ ಅದು. ಎರಡು ವರ್ಷದಿಂದ ವಾರಕ್ಕೆರಡು ಸಲ ಅಲ್ಲಿನ ಶೋಧಕ ತೊಟ್ಟಿಗಳನ್ನು ಕ್ಲೋರಿನ್ ಬೆರೆಸಿದ ನೀರಿನಿಂದ ತೊಳೆದು, ತೊಳೆದದ್ದನ್ನು ಹಾಗೆಯೇ ಹೊಳೆಗೆ ಬಿಡುತ್ತಿದ್ದರು. ಸ್ಥಾವರದ ಮೇಲ್ವಿಚಾರಕರು ಹುಳದಕ್ಕನ ಒಡಹುಟ್ಟಿದ ಅಣ್ಣ.

ಬರೀ ಅಣ್ಣನೂ ಅಲ್ಲ. ತಂಗಿಗೆ ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಕಾಲು ಸೋತಾಗ, ಎರಡು ವರ್ಷ ಅವರನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಒಯ್ದವರು. ಕಾಲಿಗೆ ಬಲ ಬರಲೆಂದು ದಿನವೂ ಹೊಳೆಗಿಳಿಸಿ, ಸೊಂಟ ಹಿಡಿದು ನಡೆಸಿದವರು. ಆ ಸಂಜೆ ಅಣ್ಣನ ಮನೆಗೆ ಹೋಗುವಾಗ ಹುಳದಕ್ಕ ನನ್ನನ್ನೂ ಕರೆದರು. ಅಂಕಿಗಳನ್ನು ಹೇಳಲು ಒಬ್ಬರು ಬೇಕು ಎಂದರು. ಒಬ್ಬರೇ ಹೋಗುವುದಕ್ಕೆ ಆಗುವುದಿಲ್ಲ ಎನ್ನಲಿಲ್ಲ.

ಅಣ್ಣ ಕುರ್ಚಿಯಲ್ಲಿ ಕುಳಿತು ಬೂಟಿಗೆ ಪಾಲಿಷ್ ಹಾಕುತ್ತಿದ್ದರು. ನಿವೃತ್ತಿಗೆ ಮೂರು ತಿಂಗಳಿತ್ತು. ತಂಗಿಯ ಮಾತನ್ನೆಲ್ಲ ಕೇಳಿ, ಬ್ರಷ್ಷನ್ನು ಕೆಳಗಿಟ್ಟರು.

“ಮೂವತ್ತೆಂಟು ವರ್ಷ ಈ ಊರಿಗೆ ಶುದ್ಧ ನೀರು ಕುಡಿಸಿದ್ದೀನಿ. ನನ್ನ ನೀರು ಕೊಳಕು ಅಂತ ಬರೀತೀಯಾ?”

“ಕೊಳಕು ಅಂತ ಯಾರಂದ್ರು, ಅಣ್ಣ? ಅದು ಅತೀ ಶುದ್ಧ. ಅದಕ್ಕೇ ಸಾಯ್ತಾ ಇದಾವೆ.”

“ಹುಳ.”

“ಹೂಂ. ಹುಳ. ಆಮೇಲೆ ಅದನ್ನ ತಿನ್ನೋ ಮೀನು. ಆಮೇಲೆ ಆ ಮೀನು ಹಿಡಿಯೋ ಮನುಷ್ಯ. ಮೂರು ಸಲ ಬಂದು ಹೋದ ಅವನು.”

“ನನ್ನ ಹೆಸರಿಲ್ದೆ ಬರೆಯೋಕೆ ಆಗಲ್ವಾ?”

ಹುಳದಕ್ಕ ಅಣ್ಣ ಕೆಳಗಿಟ್ಟ ಬ್ರಷ್ಷನ್ನು ಎತ್ತಿ ಪಾಲಿಷ್ ಡಬ್ಬಿಯ ಮೇಲಿಟ್ಟರು. “ನಿನ್ನ ಹೆಸರು ಬರೆಯಲ್ಲ. ಜಾಗದ ಹೆಸರು ಬರೀಬೇಕು. ಬರೀದೇ ಇದ್ರೆ ಅದು ನಿಲ್ಲಲ್ಲ” ಎಂದರು. ಅಣ್ಣ ಬೂಟುಗಳನ್ನು ಕೈಗೆತ್ತಿಕೊಂಡು ಒಳಗೆ ಹೋದರು. ಅತ್ತಿಗೆ ತಂದಿಟ್ಟ ಕಾಫಿ ಮೂರು ಲೋಟಗಳಲ್ಲೂ ಹಾಗೆಯೇ ಆರಿತು.

ಮರುದಿನ ನಮ್ಮ ಮೇಲಧಿಕಾರಿ, ಕೆಟ್ಟ ಮನುಷ್ಯರೇನಲ್ಲ, ಹುಳದಕ್ಕನನ್ನು ಕರೆದು ‘ಮೂಲ ತಿಳಿದುಬಂದಿಲ್ಲ’ ಎಂದು ಬರೆದರೆ ಎಲ್ಲರಿಗೂ ಒಳ್ಳೆಯದಲ್ಲವೇ, ಕೊಳವೆಯನ್ನು ಸದ್ದಿಲ್ಲದೆ ಸರಿಮಾಡಿಸೋಣ ಎಂದು ಮೃದುವಾಗಿ ಸೂಚಿಸಿದರು. ಹುಳದಕ್ಕ ತಮ್ಮ ಮೇಜಿಗೆ ಮರಳಿ, ಮೇಲಂಗಿ ಬಿಚ್ಚದೆಯೇ ಕುಳಿತು, ವರದಿಯನ್ನು ಶುರುವಿನಿಂದ ಕೊನೆಯವರೆಗೆ ತಾವೇ ಬೆರಳಚ್ಚು ಮಾಡಿದರು. ಸ್ಥಳ, ವಾರ, ಗಂಟೆ, ಕೊಳವೆಯ ಅಳತೆ, ಎಲ್ಲವೂ ಇತ್ತು. ಬೆರಳಚ್ಚು ಮಾಡುವಾಗ ಅವರು ಅಳುತ್ತಿದ್ದರೆಂದು ಗುಮಾಸ್ತರೊಬ್ಬರು ಹೇಳಿದರು. ನನ್ನ ಕಡೆಗೆ ಅವರ ಬೆನ್ನು ಮಾತ್ರ ಇತ್ತು, ಆ ಬೆನ್ನು ನೆಟ್ಟಗಿತ್ತು.

ಸ್ಥಾವರದಲ್ಲಿ ಒಂದು ತಂಗುತೊಟ್ಟಿ ಬಂತು. ತೊಳೆದ ನೀರು ಎರಡು ದಿನ ಅಲ್ಲಿ ನಿಂತು, ಕ್ಲೋರಿನ್ ಕಳೆದುಕೊಂಡು, ಆಮೇಲೆ ಹೊಳೆಗೆ ಇಳಿಯುವಂತಾಯಿತು. ಅಣ್ಣನಿಗೆ ಲಿಖಿತ ಎಚ್ಚರಿಕೆಯೊಂದು ತಲುಪಿತು. ಬೀಳ್ಕೊಡುಗೆ ಸಮಾರಂಭವನ್ನು ಅವರು ತಾವೇ ಬೇಡವೆಂದರು. ತಂಗಿಯೊಡನೆ ಮಾತು ಬಿಟ್ಟರು.

ಆಮೇಲಿನ ಎರಡು ವರ್ಷಗಳಲ್ಲಿ ನಾನು ಕಂಡದ್ದನ್ನು ಧೈರ್ಯವೆಂದು ಕರೆಯಲೋ ಹಟವೆಂದು ಕರೆಯಲೋ ತಿಳಿಯದು. ಹದಿನೈದು ದಿನಕ್ಕೊಮ್ಮೆ, ತಪ್ಪದೆ, ಅವರು ಸೇತುವೆಯ ಕೆಳಗಿಳಿದು ನಲವತ್ತು ಕಲ್ಲು ಮಗುಚುತ್ತಿದ್ದರು. ಖಾಲಿ. ಮತ್ತೆ ಖಾಲಿ. ಏಳನೆಯ ತಿಂಗಳು ಕೆಂಪು ಹುಳಗಳು ಬಂದವು. ನೆಂಟರು ಬಂದಂತೆ ಅವರ ಮುಖ ಅರಳಿತು. ವರ್ಷ ಕಳೆದ ಮೇಲೆ ಮೂರು ಬಾಲದವು, ಬಳಿಕ ಮರಳುಗೂಡಿನವು. ಎಲ್ಲಿಂದ ಬಂದವು ಎಂದು ಕೇಳಿದೆ. ಮೇಲಿನ ತೊರೆಯಿಂದ, ರೆಕ್ಕೆ ಬಂದಾಗ ಹಾರಿ, ಸೆಳವಿನಲ್ಲಿ ತೇಲಿ, ಒಂದೊಂದಾಗಿ ಬಂದವೆಂದರು. “ಖಾಲಿ ಮನೆ ಅಂತ ಗೊತ್ತಾದ್ರೆ ಸಾಕು, ಬಂದೇ ಬರ್ತಾರೆ.”

ಆ ದಿನಗಳಲ್ಲಿ ಸೇತುವೆಯ ಮೇಲೆ ಆಗಾಗ ಒಬ್ಬರು ಬಂದು, ಕಟಕಟೆಗೆ ಒರಗಿ ನಿಲ್ಲುತ್ತಿದ್ದರು. ಪಾಲಿಷ್ ಹಾಕಿದ ಬೂಟು. ಹುಳದಕ್ಕ ತಲೆಯೆತ್ತಿ ನೋಡುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಆದರೆ ಅವರು ಬಂದ ದಿನ ಕಲ್ಲುಗಳನ್ನು ಮಗುಚುವುದು ಇನ್ನಷ್ಟು ನಿಧಾನವಾಗುತ್ತಿತ್ತು.

ಮೂರನೆಯ ವರ್ಷದ ಒಂದು ಬೆಳಗ್ಗೆ, ಇಪ್ಪತ್ತಾರನೆಯ ಕಲ್ಲಿನ ಕೆಳಗಿನಿಂದ, ತಟ್ಟೆಗೆ ಒಂದು ಜೀವ ಬಂದು ಬಿದ್ದಿತು. ಹುಳದಕ್ಕ ಭೂತಗನ್ನಡಿಯನ್ನು ಕುತ್ತಿಗೆಯಿಂದ ತೆಗೆದು ನನ್ನ ಕೈಗಿತ್ತರು. ಉಗುರಿನಷ್ಟೂ ಉದ್ದವಿಲ್ಲದ ದೇಹ. ಜೇನು ಬಣ್ಣದ ಬೆನ್ನಿನ ಮೇಲೆ ಕಪ್ಪು ಮಸಿಯಲ್ಲಿ ಯಾರೋ ಕೂದಲೆಳೆಯ ಕುಂಚದಿಂದ ಬರೆದಂತಹ ಚಿತ್ತಾರ. ಎರಡು ನೀಳ ಬಾಲ. ಕಾಲುಗಳ ಬುಡದಲ್ಲಿ ಉಸಿರಿಗೆ ತಕ್ಕಂತೆ ಅಲುಗುವ ಬೆಳ್ಳನೆಯ ಎಳೆಗಳು. ಅದು ತಟ್ಟೆಯ ತಳವನ್ನು ಬಿಗಿಯಾಗಿ ಹಿಡಿದು, ಇಲ್ಲದ ಸೆಳವಿಗೆ ಎದೆಯೊಡ್ಡಿ ನಿಂತಿತ್ತು. ಕಲ್ಲುನೊಣದ ಮರಿ. ನನ್ನ ಎಲ್ಲ ಬಾಟ್ಲಿಗಳು, ದಶಮಾಂಶಗಳು, ಪ್ರಮಾಣಪತ್ರಗಳು ಆ ಪುಟ್ಟ ಪ್ರಾಣಿಯ ಮುಂದೆ ಕೈಕಟ್ಟಿ ನಿಂತಂತೆ ಅನಿಸಿತು. ಇಡೀ ಹೊಳೆ ತನ್ನ ಮಾತನ್ನು ಹೇಳಲು ಇಷ್ಟು ಚಿಕ್ಕ ಬಾಯನ್ನು ಆರಿಸಿಕೊಂಡಿತ್ತಲ್ಲ ಎಂದು ನಾನು ನಿಂತಲ್ಲೇ ಮೈಮರೆತೆ.

ನಾನು ಕಣ್ಣೆತ್ತುವಷ್ಟರಲ್ಲಿ ಹುಳದಕ್ಕ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ದಂಡೆ ಹತ್ತುತ್ತಿದ್ದರು. ಸೇತುವೆಯ ಮೇಲೆ ಅಣ್ಣನ ಎದುರು ನಿಂತು, ತಟ್ಟೆ ಚಾಚಿದರು. ಅಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಎರಡು ವರ್ಷದ ಮೌನ ಮುರಿಯುವ ಮೊದಲ ಮಾತು ಯಾವುದಿರಬಹುದೆಂದು ನಾನು ಕಾದೆ.

“ಕಚ್ಚುತ್ತಾ ಇದು?”

“ಇಲ್ಲ.”

“ಇಷ್ಟೇ ಇಷ್ಟಿದೆಯಲ್ಲೇ.”

“ಇಷ್ಟೇ” ಎಂದರು ಹುಳದಕ್ಕ.

ಅಣ್ಣ ತಂಗಿಯ ತೋಳು ಹಿಡಿದು, ಜಾರುವ ದಂಡೆಯಲ್ಲಿ ಅವರ ಜೊತೆಗೇ ಇಳಿದು, ಹೊಳಪಿನ ಬೂಟುಗಳ ಸಮೇತ ನೀರಿಗೆ ಕಾಲಿಟ್ಟು, ಆ ಜೀವವನ್ನು ಅದರ ಕಲ್ಲಿನ ಬಳಿ ಬಿಡುವವರೆಗೆ ಅಲ್ಲೇ ನಿಂತಿದ್ದರು. ಹಳೆಯ ನೋವು ಪೂರ್ತಿ ಮಾಯಿತೆಂದು ನಾನು ಹೇಳಲಾರೆ. ಆ ಎಚ್ಚರಿಕೆಯ ಪತ್ರದ ಸುದ್ದಿ ಬಂದಾಗಲೆಲ್ಲ ಅಣ್ಣನ ಮುಖ ಕಡೆಯವರೆಗೂ ಬಿಗಿಯುತ್ತಿತ್ತಂತೆ. ಆದರೆ ಹಬೆಯಾಡುವ ಕಾಫಿಯನ್ನು ಆ ಮನೆಯಲ್ಲಿ ನಾನೇ ಆಮೇಲೆ ಎಷ್ಟೋ ಸಲ ಕುಡಿದಿದ್ದೇನೆ.

ಇಂಥವರು ಎಲ್ಲ ಕಸುಬುಗಳಲ್ಲೂ ಒಬ್ಬಿಬ್ಬರು ಇರುತ್ತಾರೆಂದು ತೋರುತ್ತದೆ. ರೈಲು ಹಳಿಯನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುವವರು, ಸೇತುವೆಯ ಬಿರುಕಿಗೆ, ಅದು ಅಗಲವಾದರೆ ಒಡೆದು ತಿಳಿಸಲೆಂದು, ಗಾಜಿನ ಪಟ್ಟಿ ಅಂಟಿಸಿ ವರ್ಷವಿಡೀ ಕಾಯುವವರು. ಅವರ ಕೈಯಿಂದ ಲೋಕಕ್ಕೆ ಹೊಸದೇನೂ ಸೇರುವುದಿಲ್ಲ. ಅವರ ಹೆಸರಿನ ಶಿಲೆ ಎಲ್ಲೂ ನಿಲ್ಲುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ಅವರ ಬಾಳಿನ ಕೆಲಸ, ಮತ್ತು ಅದರ ಬೆಲೆಯನ್ನು ಅವರು ಬಹುಪಾಲು ತಮ್ಮ ಅತಿ ಹತ್ತಿರದವರ ಪ್ರೀತಿಯಲ್ಲೇ ತೆರುತ್ತಾರೆ. ಎಲ್ಲ ಸರಿಯಾಗಿದೆ ಎಂಬ ನಂಬಿಕೆಯ ಮೇಲೆ ನಾವು ಬೆಳಗ್ಗೆ ಎದ್ದು ನಲ್ಲಿ ತಿರುಗಿಸುತ್ತೇವೆ; ಅದು ನಿಜವೇ ಎಂದು ನೋಡಲು ಯಾರೋ ಒಬ್ಬರು ಅಷ್ಟು ಹೊತ್ತಿಗಾಗಲೇ ಎಲ್ಲೋ ಮೊಣಕಾಲುದ್ದ ತಣ್ಣೀರಿನಲ್ಲಿ ಬಗ್ಗಿ ನಿಂತಿರುತ್ತಾರೆ.