ಮಗುವಿಗೊಂದು ಎಲೆ

ಜಯಲತಾ ತುಳಸಿ ದಳದಿಂದ ಅಮ್ಮನ ಬಾಯಿಗೆ ನೀರು ಬಿಡುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ ಬಗ್ಗಿ ಚಪ್ಪಲಿ ಕಳಚುವುದು ಧರ್ಮಪಾಲನ ಕಣ್ಣಿಗೆ ಬಿತ್ತು. ಮುಖ ಎತ್ತುವ ಮೊದಲೇ ಅವನಿಗೆ ಗೊತ್ತಾಯಿತು. ಜಯಶೀಲ. ಇಡೀ ಡೊಂಬಿವಲಿಯೇ ಬಂದು ಕೂತಿದ್ದರೂ ಧರ್ಮಪಾಲ ಸಹಿಸುತ್ತಿದ್ದ, ಇವನೊಬ್ಬ ಬರಬಾರದಿತ್ತು.

ಜಯಶೀಲ ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದ. ಬೆಳಗಿನ ಪಾಳಿ ಬಿಟ್ಟು, ಸೇವಂತಿಗೆ ಹಾರ ಹಿಡಿದು, ಎರಡು ಬಸ್ಸು ಒಂದು ಲೋಕಲ್ ಬದಲಿಸಿ ಬಂದಿದ್ದ. ತನಗೆ ಕೆಲಸ ಕೊಡಿಸಿದ ಧರ್ಮಣ್ಣನ ತಂಗಿ ತೀರಿಕೊಂಡಿದ್ದಾರೆ, ಹೋಗದಿದ್ದರೆ ಹೇಗೆ? ಅವನು ಬಂದದ್ದು ಅಷ್ಟಕ್ಕೇ. ಚಾಪೆಯ ಮೇಲೆ ಮಲಗಿದ್ದ ಶ್ರೀಮತಿಯೇ ತನ್ನನ್ನು ಹೆತ್ತವಳೆಂದು ಅವನಿಗೆ ಗೊತ್ತಿರಲಿಲ್ಲ. ಇವನು ತನ್ನ ಮಗನೆಂದು ಶ್ರೀಮತಿಗೂ ಕಡೆತನಕ ಗೊತ್ತಾಗಲಿಲ್ಲ. ಗೊತ್ತಿದ್ದವನು ಒಬ್ಬನೇ, ಅವನು ಗೋಡೆಗೊರಗಿ ಕೂತಿದ್ದ.

"ಎಂತ ಆಯ್ತು ಧರ್ಮಣ್ಣ?"

"ಹಾರ್ಟು. ಮಲಗಿದವಳು ಏಳ್ಲಿಲ್ಲ."

"ಒಳ್ಳೆ ಜನ ಇದ್ರು. ನಂಗೆ ಒಮ್ಮೆ ಊಟ ಹಾಕಿದ್ರು, ನೆನಪುಂಟಾ?"

ನೆನಪಿತ್ತು. ಧರ್ಮಪಾಲ ತಲೆ ತಗ್ಗಿಸಿದ.

ಹೊರಗೆ ಗ್ಯಾಲರಿಯಲ್ಲಿ ಮಾಪಣ್ಣ ಚಟ್ಟ ಕಟ್ಟಿ ಮುಗಿಸಿದ. ಕಲಬುರಗಿ ಕಡೆಯವನು, ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ. ಚಾಳಿನಲ್ಲಿ ಯಾವ ಭಾಷೆಯವರು ಸತ್ತರೂ ಬಿದಿರಿಗೆ ಹಗ್ಗ ಬಿಗಿಯುವುದು ಅವನ ಕೈಯೇ.

"ಎಲ್ಲಾರೂ ನೀರ ಬಿಟ್ರೇನ್ರಿ? ಮಕ್ಕಳು ಯಾರರ ಉಳದಿದ್ರ ಈಗ ಬರ್ರಿ. ಒಮ್ಮಿ ಎತ್ತಿದ ಮ್ಯಾಲ ಮುಗೀತು."

"ನಾನೊಬ್ಳೇ ಅಲ್ವಾ ಮಾಪಣ್ಣ" ಎಂದಳು ಜಯಲತಾ.

*

ಧರ್ಮಪಾಲ ಸುಳ್ಳು ಹೇಳುವವನಲ್ಲ ಎಂದು ಚಾಳಿಗೆಲ್ಲ ಗೊತ್ತು. ನಿಜವೇ. ಹೇಳಬೇಕಾದ ಸುಳ್ಳನ್ನೆಲ್ಲ ಅವನು ಐವತ್ತೊಂದನೇ ಇಸವಿಯಲ್ಲೇ ಒಟ್ಟಿಗೆ ಹೇಳಿ ಮುಗಿಸಿದ್ದ.

ಈ ಎರಡು ಖೋಲಿಯ ಮನೆ ಅವನ ಸೋದರಮಾವ ಹರಿಶ್ಚಂದ್ರನದು. ಮಕ್ಕಳಿಲ್ಲದ ಮಾವ ಅಳಿಯನನ್ನು ಕೂರಿಸಿಕೊಂಡು ಹೇಳಿದ್ದ, "ಮನೆ ನಿನ್ನ ಹೆಸರಿಗೆ ಮಾಡ್ತೇನೆ. ತಂಗಿಯನ್ನು ಕರ್ಕೊಂಡು ಬಾ, ಇಲ್ಲಿಯೇ ಮದುವೆ ಮಾಡುವ. ಆದ್ರೆ ಆ ಮಗು ಈ ಮನೆ ಮೆಟ್ಟಿಲು ಹತ್ತಬಾರ್ದು."

ಮುಲ್ಕಿಯ ಹತ್ತಿರದ ಊರಿನಲ್ಲಿ ಮದುವೆಯಿಲ್ಲದೆ ಹೆತ್ತ ಶ್ರೀಮತಿ ಆಗ ವಿಷಮಜ್ವರದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಧರ್ಮಪಾಲ ಮೂರು ತಿಂಗಳ ಮಗುವನ್ನು ಟವೆಲಿನಲ್ಲಿ ಸುತ್ತಿ, ಕಾರ್ಕಳದಲ್ಲಿ ಮಕ್ಕಳಿಲ್ಲದ ಒಬ್ಬ ದರ್ಜಿಯ ಮನೆಗೆ ಕೊಟ್ಟು ಬಂದ. ಹೆತ್ತವಳು ಸತ್ತಿದ್ದಾಳೆ ಎಂದು ಅವರಿಗೆ ಹೇಳಿದ. ಎಚ್ಚರಾದ ತಂಗಿಗೆ, ಮಗುವಿಗೂ ಅದೇ ಜ್ವರ ಬಂತು, ಉಳಿಯಲಿಲ್ಲ ಎಂದ.

"ಎಲ್ಲಿ ಹೂತದ್ದು?" ಎಂದು ಅವಳು ಕೇಳಿದಳು.

ಅವನು ಹಿತ್ತಿಲಿನ ಹಲಸಿನ ಬುಡ ತೋರಿಸಿದ. ಬೊಂಬಾಯಿಗೆ ಹೊರಡುವ ದಿನ ಅವಳು ಅಲ್ಲಿ ಕೂತು ಎದ್ದು ಬಂದಳು. ಅಲ್ಲಿ ಬರಿಯ ಮಣ್ಣಿತ್ತು.

*

ಊರಿನ ಕ್ರಮದಂತೆ ಈ ಮನೆಯಲ್ಲೂ ದೀಪಾವಳಿಗೆ ತೀರಿಹೋದವರಿಗೆ ಬಡಿಸುತ್ತಿದ್ದರು. ಸಾಲಾಗಿ ಬಾಳೆ ಎಲೆ ಹಾಕಿ, ಬಡಿಸಿ, ಬಾಗಿಲು ಓರೆಮಾಡಿ ಎಲ್ಲರೂ ಹೊರಗೆ ನಿಲ್ಲುವುದು. ಸತ್ತವರು ಬಂದು ಉಂಡ ಮೇಲೆ ಉಳಿದದ್ದು ಮನೆಯವರಿಗೆ. ಸಾಲಿನ ಕೊನೆಗೆ ಶ್ರೀಮತಿ ಅಂಗೈಯಗಲದ ಒಂದು ಕುಡಿ ಎಲೆ ಹಾಕುತ್ತಿದ್ದಳು. ಯಾರಿಗಮ್ಮಾ ಎಂದು ಜಯಲತಾ ಕೇಳಿದರೆ, ಊರಿನ ಮನೆಯಲ್ಲಿ ಹೋದ ಒಂದು ಮಗು ಎನ್ನುತ್ತಿದ್ದಳು.

ಮೊದಮೊದಲು ಆ ಎಲೆಗೆ ಹಾಲನ್ನ. ಆಮೇಲೆ ಬೆಲ್ಲ, ದೋಸೆ. ವರ್ಷ ಹೋದಂತೆ ಎಲೆಯೂ ದೊಡ್ಡದಾಯಿತು. ಒಂದು ವರ್ಷ ಮೀನಿನ ಸಾರನ್ನೇ ಬಡಿಸಿದಳು. "ಈಗ ಖಾರ ತಿನ್ನುವ ಪ್ರಾಯ ಅಲ್ವಾ ಅಣ್ಣ?" ಎಂದಳು. ಬಾಗಿಲು ತೆರೆದ ಮೇಲೆ ಎಂದಿನಂತೆ ಆ ಎಲೆಯನ್ನು ಅವನ ಮುಂದಕ್ಕೇ ಸರಿಸಿದಳು. ಜೀವಂತ ಇದ್ದವನ ಪಿಂಡವನ್ನು ಧರ್ಮಪಾಲ ವರ್ಷವರ್ಷವೂ ಉಂಡ.

ಎರಡು ವರ್ಷದ ಹಿಂದೆ ಜಯಶೀಲ ಇವನನ್ನು ಹುಡುಕಿಕೊಂಡು ಮನೆಗೇ ಬಂದುಬಿಟ್ಟ. ತನ್ನನ್ನು ಕೊಟ್ಟು ಹೋದವನು ಯಾರೆಂದು ದರ್ಜಿಯಿಂದ ತಿಳಿದು ಬೊಂಬಾಯಿಗೆ ಬಂದಿದ್ದ ಅವನಿಗೆ ಕೆಲಸ ಕೊಡಿಸಿದ ಧರ್ಮಪಾಲ, ಅವನನ್ನು ಯಾವಾಗಲೂ ಸ್ಟೇಷನ್ನಿನಲ್ಲೇ ಕಾಣುತ್ತಿದ್ದ. ಶ್ರೀಮತಿ ಗುರುತಿಲ್ಲದವನನ್ನು ಕೂರಿಸಿ ಬಸಳೆ ಪದಾರ್ಥ ಬಡಿಸಿದಳು. ಅವನು ಎರಡು ಸಲ ಅನ್ನ ಕೇಳಿ ಹಾಕಿಸಿಕೊಂಡ. ಅವನು ಹೋದ ಮೇಲೆ ತಟ್ಟೆ ಎತ್ತುತ್ತ ಅವಳೆಂದಳು, "ನಮ್ಮದು ಇದ್ದಿದ್ರೆ ಇಷ್ಟೇ ಪ್ರಾಯ ಆಗ್ತಿತ್ತು."

ಆ ಹೊತ್ತಿಗೆ ಅವಳ ಗಂಡ ತೀರಿಕೊಂಡಿದ್ದ, ಹರಿಶ್ಚಂದ್ರ ಮಾವನೂ ಇರಲಿಲ್ಲ. ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಬಾಯ್ತುದಿಯವರೆಗೆ ಬಂದದ್ದನ್ನು ಅವನು ನುಂಗಿ, "ಹೂಂ" ಎಂದ. ಅಯ್ಯೋ, ಆ ಒಂದು ಮಧ್ಯಾಹ್ನ ಮರಳಿ ಬರುವಂತಿದ್ದರೆ!

*

"ಹಂಗಾದ್ರ ಎತ್ತೋಣೇನ್ರಿ?" ಎಂದು ಮಾಪಣ್ಣ ಒಳಗೆ ಬಂದ.

"ನಿಲ್ಲಿ" ಎಂದ ಧರ್ಮಪಾಲ. "ಇನ್ನೊಬ್ಬ ಉಂಟು. ಇವನು. ಜಯಶೀಲ, ಅವಳು ನಿನ್ನ ಅಮ್ಮ."

ಅವನು ಕಾರ್ಕಳದ ದರ್ಜಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಹೇಳಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ.

"ಹಾಗಾದ್ರೆ ಆ ಎಲೆ?" ಎಂದಳು ಜಯಲತಾ.

"ಇವನಿಗೇ."

"ಮಾಮ, ಪ್ರತೀ ವರ್ಷ ನೀವು ನಮ್ಮ ಜೊತೆ ಬಾಗಿಲ ಹೊರಗೆ ನಿಲ್ತಾ ಇದ್ರಿ."



ಜಯಶೀಲ ಕೈಯಲ್ಲಿದ್ದ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಮಾಪಣ್ಣನಿಗೆ ಕೊಟ್ಟ. "ನಾನು ನಿಮ್ಮತ್ರ ಕೇಳಿದ್ದೆ ಧರ್ಮಣ್ಣ" ಎಂದ ಮೆಲ್ಲಗೆ. "ಠಾಣೆ ಸ್ಟೇಷನ್ನಲ್ಲಿ ಕೇಳಿದ್ದೆ. ಹೆತ್ತವರು ಯಾವ ಊರಿನವರು ಅಂತಾದ್ರೂ ಹೇಳಿ ಅಂದಿದ್ದೆ."

ಅವನು ಚಾಪೆಯ ಪಕ್ಕ ಮೊಣಕಾಲೂರಿದ. ಜಯಲತಾ ತುಳಸಿ ದಳವನ್ನು ಅವನ ಬೆರಳಿಗೆ ಕೊಟ್ಟಳು. ಬಿಟ್ಟ ನೀರು ಒಳಗೆ ಹೋಗದೆ ಕೆನ್ನೆಗಿಳಿಯಿತು. ಅವನು ಅಂಗಿಯ ತೋಳಿನಿಂದ ಅದನ್ನು ಒರೆಸಿದ, ಮತ್ತೆ ಬಿಟ್ಟ, ಮತ್ತೆ ಒರೆಸಿದ.

ಕೊನೆಗೆ ಮಾಪಣ್ಣನೇ, "ಹೊತ್ತಾಯ್ತು ತಮ್ಮಾ" ಎಂದು ಅವನ ಬೆನ್ನು ಸವರಿದ. ಶ್ರೀಮತಿಯನ್ನು ಎತ್ತಿ ಹೊರಗಿನ ಚಟ್ಟದ ಮೇಲೆ ಮಲಗಿಸಿದ ಮೇಲೆ ಕೇಳಿದ, "ಮುಂದಿನ ಹೆಗಲಿಗಿ ಯಾರ ಬರ್ತೀರಿ?"

ಧರ್ಮಪಾಲ ಎದ್ದ. ಕೊರಳ ಸುತ್ತ ಇದ್ದ ಬೈರಾಸು ಟವೆಲನ್ನು ಮಡಚಿ ಬಲ ಹೆಗಲ ಮೇಲೆ ಇಟ್ಟುಕೊಂಡು, ಸ್ವಲ್ಪ ಬಗ್ಗಿ ಚಟ್ಟದ ಮುಂದೆ ಹೋಗಿ ನಿಂತ. ಜಯಲತಾ ಅವನ ಮುಖ ನೋಡಲಿಲ್ಲ. ಬೈರಾಸನ್ನು ಅವನ ಹೆಗಲಿನಿಂದ ತೆಗೆದು, ಇನ್ನೊಂದು ಮಡಿಕೆ ಮಾಡಿ, ಜಯಶೀಲನ ಹೆಗಲ ಮೇಲೆ ಹಾಕಿದಳು.

"ಬಿದಿರು ಒತ್ತುತ್ತದೆ ಅಣ್ಣ" ಎಂದಳು.

ಚಟ್ಟ ಎದ್ದಿತು. ಇಕ್ಕಟ್ಟಾದ ಮೆಟ್ಟಿಲಲ್ಲಿ ಓರೆಯಾಗಿ, ಮಾಪಣ್ಣನ ಕೂಗಿನ ಹಿಂದೆಯೇ ಇಳಿದು ಅಂಗಳ ದಾಟಿತು. ಧರ್ಮಪಾಲ ಗ್ಯಾಲರಿಯಲ್ಲಿ, ಬಲ ಹೆಗಲನ್ನು ಹಾಗೆಯೇ ಬಗ್ಗಿಸಿಕೊಂಡು ನಿಂತಿದ್ದ.